‘ವ್ಯಭಿಚಾರ’ದ ಅರ್ಥವೂ ವಿವಾಹದ ವ್ಯಾಖ್ಯೆಯೂ: ಸಾಷ್ಟಿಯಿಂದ ತುಳುನಾಡಿನವರೆಗೆ ಬೈಬಲಿನ ಲೈಂಗಿಕ ನೀತಿ

1

ಮುಂಬಯಿಯ ಉತ್ತರದ ಅಂಚಿನಲ್ಲಿ, ದಹಿಸರ್ ಮತ್ತು ಬೋರಿವಲಿಗಳ ನಡುವೆ, ಮಂಡಪೇಶ್ವರ ಎಂಬ ಗುಹಾದೇವಾಲಯವಿದೆ. ಕ್ರಿ.ಶ. 6ನೆಯ ಶತಮಾನದ ಆಸುಪಾಸಿನದೆಂದು ಹೇಳಲಾಗುವ ಈ ಶೈವ ಗುಹೆ ಒಂದು ಕಾಲಕ್ಕೆ ದಹಿಸರ್ ನದಿಯ ದಡದಲ್ಲಿತ್ತು. ನದಿ ತನ್ನ ಪಾತ್ರವನ್ನು ಬದಲಿಸಿದ ಮೇಲೆ ಈಗ ರಸ್ತೆಯ ಮಗ್ಗುಲಲ್ಲಿದೆ. ಒಳಗೆ ನಟರಾಜನ ದೊಡ್ಡ ಶಿಲ್ಪವಿದೆ. ಶಿವಪಾರ್ವತಿಯರ ವಿವಾಹದ ಫಲಕವೂ ಇದೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಾ ವಸಯಿಯನ್ನೂ ಅದಕ್ಕೆ ಸೇರಿದ ಸಾಷ್ಟಿ ದ್ವೀಪವನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ ಬಳಿಕ, ಆಂತೋನಿಯೊ ದೊ ಪೋರ್ತೊ ಮೊದಲಾದ ಫ್ರಾನ್ಸಿಸ್ಕನ್ ಪಾದ್ರಿಗಳು ಈ ಪ್ರದೇಶಕ್ಕೆ ಬಂದರು. ಗುಹೆಯು ಕ್ರೈಸ್ತ ಆರಾಧನೆಯ ಸ್ಥಳವಾಯಿತು. ಅದರ ನೆತ್ತಿಯ ಮೇಲೆ ಇಗರ್ಜಿಯ ಕಟ್ಟಡ ಎದ್ದಿತು. ಬಂಡೆಯ ಒಂದು ಭಾಗವನ್ನು ಶಿಲುಬೆಯಾಗಿ ಕಡೆಯಲಾಯಿತು. 1739ರಲ್ಲಿ ಮರಾಠರು ವಸಯಿಯನ್ನು ಗೆದ್ದಾಗ ಪೋರ್ಚುಗೀಸರ ಆಳ್ವಿಕೆ ಇಲ್ಲಿ ಮುಗಿಯಿತು. ಇಂದು ಕಾಣುವುದು ಕೆಳಗೆ ಗುಹೆ, ಮೇಲೆ ಪಾಳುಗೋಡೆ.

ಕಲ್ಲಿನ ಮೇಲೆ ನಡೆದ ಈ ಬದಲಾವಣೆಯನ್ನು ಇತಿಹಾಸಕಾರರು ಸಾಕಷ್ಟು ಬರೆದಿದ್ದಾರೆ. ಅದೇ ಕಾಲದಲ್ಲಿ ಮನೆಗಳೊಳಗೆ ನಡೆದ ಬದಲಾವಣೆ ಅಷ್ಟು ಗಮನ ಪಡೆದಿಲ್ಲ. ಹೊಸ ಧರ್ಮವನ್ನು ಒಪ್ಪಿದ ಕುಟುಂಬದಲ್ಲಿ ಯಾರು ಹೆಂಡತಿ, ಯಾರು ಅಲ್ಲ, ಯಾವ ಸಂಬಂಧ ಧರ್ಮ, ಯಾವುದು ಪಾಪ ಎಂಬ ಪ್ರಶ್ನೆಗಳು ಅಲ್ಲಿ ಎದ್ದವು. ಬೈಬಲಿನ ಲೈಂಗಿಕ ನೀತಿಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ನಿಷೇಧಗಳ ಪಟ್ಟಿಯಿಂದ ಆರಂಭವಾಗುತ್ತವೆ. ಪ್ರಸ್ತುತ ಲೇಖನದಲ್ಲಿ ನಾವು ಬೇರೊಂದು ತುದಿಯಿಂದ ಹೊರಡಲು ಬಯಸುತ್ತೇವೆ. ವಿವಾಹವೆಂದರೇನು ಎಂಬುದು ನಿಶ್ಚಯವಾಗದೆ ವ್ಯಭಿಚಾರವೆಂದರೇನು ಎಂಬುದು ನಿಶ್ಚಯವಾಗಲಾರದು. ಬೈಬಲು ಹೋದೆಡೆಯಲ್ಲೆಲ್ಲ ಕ್ರೈಸ್ತ ಸಭೆಯು ಪಾಪವನ್ನು ಖಂಡಿಸುವುದಕ್ಕೆ ಮುನ್ನ ವಿವಾಹವನ್ನು ವ್ಯಾಖ್ಯಾನಿಸಬೇಕಾಯಿತು. ಆ ವ್ಯಾಖ್ಯಾನದ ಲಾಭವೂ ಬೆಲೆಯೂ ಹೆಚ್ಚಾಗಿ ಸ್ತ್ರೀಯರ ಪಾಲಿಗೆ ಬಂದವು. ಸಾಷ್ಟಿ, ತುಳುನಾಡು, ಮುಂಬಯಿಯ ನ್ಯಾಯಾಲಯ ಎಂಬ ಮೂರು ನೆಲೆಗಳಲ್ಲಿ ಈ ಮಾತನ್ನು ಪರಿಶೀಲಿಸಬಹುದು. ಅದಕ್ಕೆ ಮೊದಲು ಮೂಲಗ್ರಂಥದ ಕಡೆಗೆ ಒಮ್ಮೆ ನೋಡುವುದು ಅಗತ್ಯ.

2

ಬೈಬಲು ಒಂದೇ ಕಾಲದ, ಒಂದೇ ಕೈಯ ಗ್ರಂಥವಲ್ಲ. ಲೈಂಗಿಕ ನೀತಿಯ ವಿಷಯದಲ್ಲಿ ಅದರ ದನಿಯೂ ಒಂದೇ ಅಲ್ಲ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ‘ನಾಅಫ್’ ಮತ್ತು ‘ಜಾನಾ’ ಎಂಬ ಎರಡು ಧಾತುಗಳಿವೆ. ಮೊದಲನೆಯದು ದಶಾಜ್ಞೆಗಳಲ್ಲಿ ನಿಷೇಧಿಸಲಾದ ಕೃತ್ಯ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ಗಮನವಿಟ್ಟು ಓದಿದರೆ ಅದರ ಎಲ್ಲೆ ತಿಳಿಯುತ್ತದೆ. ಸ್ತ್ರೀಯು ಮತ್ತೊಬ್ಬನ ಹೆಂಡತಿ ಅಥವಾ ಮತ್ತೊಬ್ಬನಿಗೆ ನಿಶ್ಚಿತಳಾದವಳಾಗಿದ್ದರೆ ಅಪರಾಧವು ಮರಣದಂಡನೆಗೆ ಯೋಗ್ಯ; ಪುರುಷನಿಗೆ ಮದುವೆಯಾಗಿದೆಯೆ ಇಲ್ಲವೆ ಎಂಬುದು ಪ್ರಶ್ನೆಯೇ ಅಲ್ಲ. ನಿಶ್ಚಿತಳಾಗದ ಕನ್ಯೆಯನ್ನು ಕೆಡಿಸಿದವನು ಅವಳ ತಂದೆಗೆ 50 ಶೆಕೆಲ್ ಬೆಳ್ಳಿ ಕೊಟ್ಟು ಅವಳನ್ನು ಮದುವೆಯಾಗಬೇಕು. ಅರ್ಥಾತ್ ಇಲ್ಲಿ ಕಾಪಾಡಲ್ಪಡುವುದು ಗಂಡನ ಮತ್ತು ತಂದೆಯ ಹಕ್ಕು. ಯಾಕೋಬನಿಗೆ ನಾಲ್ವರಿಂದ ಮಕ್ಕಳಾದುದನ್ನು ಗ್ರಂಥವು ಖಂಡಿಸುವುದಿಲ್ಲ. ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ ದಾವೀದನನ್ನು ಪ್ರವಾದಿ ನಾತಾನನು ಖಂಡಿಸುತ್ತಾನೆ. ಹಲವು ಕುರಿಗಳಿದ್ದವನು ಬಡವನ ಒಂದೇ ಕುರಿಯನ್ನು ಕಸಿದ ದೃಷ್ಟಾಂತ ಅವನ ಆಯುಧ. ದಾವೀದನ ಬಹುಪತ್ನಿತ್ವ ಆ ದೃಷ್ಟಾಂತದಲ್ಲಿ ದೋಷವಲ್ಲ, ಪರರದನ್ನು ಕಸಿದುದು ದೋಷ.

‘ಜಾನಾ’ ಎಂಬ ಎರಡನೆಯ ಧಾತು ವೇಶ್ಯಾವೃತ್ತಿಗೂ ಸಡಿಲ ನಡತೆಗೂ ಸಲ್ಲುತ್ತದೆ. ಹೋಶೇಯ, ಯೆಹೆಜ್ಕೇಲ ಮೊದಲಾದ ಪ್ರವಾದಿಗಳಲ್ಲಿ ಅದು ಏಕದೇವನನ್ನು ತೊರೆದು ಅನ್ಯದೇವತೆಗಳ ಬೆನ್ನುಹತ್ತುವುದಕ್ಕೆ ರೂಪಕವಾಗುತ್ತದೆ. ಹೀಗೆ ದಾಂಪತ್ಯದ ನಿಷ್ಠೆಯೂ ಭಕ್ತಿಯ ನಿಷ್ಠೆಯೂ ಒಂದೇ ಶಬ್ದದಲ್ಲಿ ಕೂಡಿಕೊಳ್ಳುತ್ತವೆ. ಆದರೆ ಅದೇ ಗ್ರಂಥರಾಶಿಯಲ್ಲಿ ‘ಪರಮಗೀತ’ವೂ ಇದೆ, ಅಲ್ಲಿ ಸ್ತ್ರೀಪುರುಷರ ಪರಸ್ಪರ ಬಯಕೆ ಯಾವ ಅಪರಾಧಭಾವವೂ ಇಲ್ಲದೆ ಹಾಡಾಗಿದೆ. ಮಾವನಾದ ಯೆಹೂದನನ್ನು ವೇಷಮರೆಸಿ ಕೂಡಿ ಸಂತತಿಯ ಹಕ್ಕನ್ನು ಪಡೆದ ತಾಮಾರಳೂ ಇದ್ದಾಳೆ. ಮತ್ತಾಯನ ಸುವಾರ್ತೆ ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರನ್ನು ಮರೆಮಾಚದೆ ಹೇಳುತ್ತದೆ.

ಯೇಸುವಿನ ಬೋಧೆಯಲ್ಲಿ ಎರಡು ಪಲ್ಲಟಗಳು ಕಾಣುತ್ತವೆ. ಮೊದಲನೆಯದಾಗಿ, ಪಾಪವು ಕೃತ್ಯದಿಂದ ನೋಟಕ್ಕೆ, ದೇಹದಿಂದ ಸಂಕಲ್ಪಕ್ಕೆ ಸರಿಯುತ್ತದೆ. ಎರಡನೆಯದಾಗಿ, ಮಾರ್ಕನ 10ನೆಯ ಅಧ್ಯಾಯದಲ್ಲಿ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾಗುವ ಗಂಡಸು ತನ್ನ ಹೆಂಡತಿಗೇ ದ್ರೋಹ ಮಾಡಿದವನಾಗುತ್ತಾನೆ. ಹಳೆಯ ನ್ಯಾಯದಲ್ಲಿ ಗಂಡಸು ಇನ್ನೊಬ್ಬ ಗಂಡಸಿಗೆ ಮಾತ್ರ ದ್ರೋಹ ಮಾಡಬಲ್ಲವನಾಗಿದ್ದ. ಇಲ್ಲಿ ಹೆಂಡತಿಯೂ ದ್ರೋಹಕ್ಕೊಳಗಾಗಬಲ್ಲ ವ್ಯಕ್ತಿಯಾದಳು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 7ನೆಯ ಅಧ್ಯಾಯವೂ ಹೆಂಡತಿಯ ದೇಹದ ಮೇಲೆ ಗಂಡನಿಗಿರುವ ಅಧಿಕಾರದಷ್ಟೇ ಅಧಿಕಾರವನ್ನು ಗಂಡನ ದೇಹದ ಮೇಲೆ ಹೆಂಡತಿಗೆ ಕೊಡುತ್ತದೆ. ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಜನರು ಸಿಕ್ಕಿಬಿದ್ದ ಸ್ತ್ರೀಯೊಬ್ಬಳನ್ನು ಎಳೆದು ತರುತ್ತಾರೆ. ಮೋಶೆಯ ನ್ಯಾಯಕ್ಕೆ ಇಬ್ಬರೂ ಬೇಕಾಗಿದ್ದರು, ಎದುರಿಗೆ ತಂದದ್ದು ಒಬ್ಬಳನ್ನು ಮಾತ್ರ. ಅತಿ ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ಪ್ರಸಂಗ ಇಲ್ಲವೆಂಬುದು ಪಾಠಸಂಪಾದಕರಿಗೆ ತಿಳಿದ ವಿಷಯ. ಆದರೂ ಕ್ರೈಸ್ತ ಪರಂಪರೆ ಅದನ್ನು ಕೈಬಿಡಲಿಲ್ಲ.

ಈ ಸಮಾನತೆಯ ಎಳೆ ಮುಂದಿನ ಶತಮಾನಗಳಲ್ಲಿ ಸದಾ ಮೇಲುಗೈ ಪಡೆಯಲಿಲ್ಲ. 5ನೆಯ ಶತಮಾನದ ಆದಿಯಲ್ಲಿ ಅಗಸ್ಟೀನನು ಸಂತತಿ, ನಿಷ್ಠೆ, ಬಿಡಿಸಲಾಗದ ಬಂಧ ಎಂಬ ಮೂರನ್ನು ವಿವಾಹದ ಶ್ರೇಯಸ್ಸುಗಳೆಂದು ಎಣಿಸಿದ. ಬ್ರಹ್ಮಚರ್ಯವನ್ನು ಮಾತ್ರ ಅದಕ್ಕಿಂತ ಮೇಲಿಟ್ಟ. 1139ರ ಎರಡನೆಯ ಲ್ಯಾಟೆರನ್ ಸಭೆ ಪಾಶ್ಚಾತ್ಯ ಗುರುವರ್ಗದ ವಿವಾಹವನ್ನು ಅಸಿಂಧುವೆಂದಿತು. 1525ರಲ್ಲಿ ಲೂಥರನು ಸಂನ್ಯಾಸಿನಿಯಾಗಿದ್ದ ಕಥರೀನಾ ಫಾನ್ ಬೋರಾಳನ್ನು ಮದುವೆಯಾಗಿ ಆ ಶ್ರೇಣಿಯನ್ನೇ ತಲೆಕೆಳಗು ಮಾಡಿದ. ಇದಕ್ಕೆ ಎದುರಾಗಿ, 1563ರಲ್ಲಿ ಟ್ರೆಂಟಿನ ಸಭೆಯು ಧರ್ಮಗುರುವಿನ ಮತ್ತು ಸಾಕ್ಷಿಗಳ ಎದುರು ನಡೆಯದ ವಿವಾಹ ವಿವಾಹವೇ ಅಲ್ಲವೆಂದು ವಿಧಿಸಿತು. ಪೋರ್ಚುಗೀಸರೊಡನೆ ಕಡಲು ದಾಟಿ ಸಾಷ್ಟಿಗೆ ಬಂದದ್ದು ಈ ಕೊನೆಯ ವ್ಯಾಖ್ಯಾನ.

3

ಸಾಷ್ಟಿಯಂಥ ಪ್ರದೇಶಗಳಲ್ಲಿ ಪಾದ್ರಿಗಳಿಗೆ ಎದುರಾದ ಮೊದಲ ತೊಡಕು ಬಹುಪತ್ನಿತ್ವ. ಹಲವು ಹೆಂಡಿರುಳ್ಳವನು ದೀಕ್ಷಾಸ್ನಾನ ಪಡೆಯಲು ಬಂದರೆ ಯಾರನ್ನು ಉಳಿಸಿಕೊಳ್ಳಬೇಕು? 1567ರಲ್ಲಿ ಗೋವೆಯಲ್ಲಿ ಸೇರಿದ ಮೊದಲ ಪ್ರಾಂತೀಯ ಧರ್ಮಸಭೆ ಬಹುಪತ್ನಿತ್ವವನ್ನು ನಿಷೇಧಿಸಿತು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ ಎಂಬುದಕ್ಕೆ ರೋಮಿನಿಂದ ಹೊರಟ ಮೂರು ಆಜ್ಞಾಪತ್ರಗಳು ಸಾಕ್ಷಿ. 1537ರಲ್ಲಿ ಮೂರನೆಯ ಪಾಲ್ ಪೋಪರು, ಮೊದಲ ಹೆಂಡತಿಯೇ ಹೆಂಡತಿ. ಮೊದಲನೆಯವಳು ಯಾರೆಂದು ನೆನಪಿಲ್ಲದವನು ತನಗೆ ಬೇಕಾದವಳನ್ನು ಆರಿಸಿಕೊಳ್ಳಬಹುದು ಎಂದರು. 1571ರಲ್ಲಿ ಐದನೆಯ ಪಯಸ್ ಪೋಪರು, ಗಂಡನೊಡನೆ ದೀಕ್ಷಾಸ್ನಾನ ಪಡೆಯುವವಳನ್ನು ಉಳಿಸಿಕೊಳ್ಳಬಹುದು ಎಂದರು. 1585ರಲ್ಲಿ ಹದಿಮೂರನೆಯ ಗ್ರೆಗರಿ ಪೋಪರು, ಗುಲಾಮರಾಗಿ ದೂರದೇಶಗಳಿಗೆ ಸಾಗಿಸಲ್ಪಟ್ಟು ಸಂಗಾತಿಯಿಂದ ಅಗಲಿದವರ ಮರುವಿವಾಹಕ್ಕೆ ದಾರಿ ಮಾಡಿದರು.

ಈ ಮೂರು ಆಜ್ಞೆಗಳನ್ನು ಒಟ್ಟಿಗೆ ಓದಿದಾಗ ಒಂದು ವಿಚಾರ ಸ್ಪಷ್ಟವಾಗುತ್ತದೆ. ಬಿಡಿಸಲಾಗದ ಬಂಧವೆಂದು ಸಾರಿದ ವಿವಾಹವನ್ನು ಎಲ್ಲಿಂದ ಎಣಿಸತೊಡಗಬೇಕೆಂಬ ಪ್ರಶ್ನೆಗೆ ಧರ್ಮಪೀಠವೇ 50 ವರ್ಷಗಳಲ್ಲಿ ಹಲವು ಉತ್ತರಗಳನ್ನು ಕೊಡಬೇಕಾಯಿತು. ಆಯ್ಕೆಯ ಹಕ್ಕು ಗಂಡಸಿನದಾಗಿತ್ತು. ಆಯ್ಕೆಯಾಗದೆ ಉಳಿದವಳು ನಿನ್ನೆಯವರೆಗೆ ಹೆಂಡತಿ. ಇಂದಿನಿಂದ, ಹೊಸ ವ್ಯಾಖ್ಯಾನದ ಪ್ರಕಾರ, ಎಂದೂ ಹೆಂಡತಿಯಾಗಿರದವಳು. ಅವಳ ನಡತೆ ಬದಲಾಗಿರಲಿಲ್ಲ, ಶಬ್ದ ಬದಲಾಗಿತ್ತು.

ಇದೇ ಸಂದಿಗ್ಧ ಪ್ರಾಟೆಸ್ಟೆಂಟ್ ಮಿಷನರಿಗಳನ್ನೂ ಕಾಡಿತು. 1834ರಲ್ಲಿ ಕಲ್ಕತ್ತದಲ್ಲಿ ಸೇರಿದ ವಿವಿಧ ಪಂಗಡಗಳ ಮಿಷನರಿಗಳು, ಮತಾಂತರಕ್ಕೆ ಮೊದಲೇ ಮದುವೆಯಾದ ಎಲ್ಲ ಹೆಂಡಿರನ್ನೂ ಇಟ್ಟುಕೊಳ್ಳಲು ಗಂಡನಿಗೆ ಅನುಮತಿಯಿರಲಿ, ಆದರೆ ಅಂಥವನಿಗೆ ಸಭೆಯಲ್ಲಿ ಅಧಿಕಾರಸ್ಥಾನ ಬೇಡ ಎಂದು ತೀರ್ಮಾನಿಸಿದರು. 1888ರ ಲ್ಯಾಂಬೆತ್ ಸಮ್ಮೇಳನದ ಆಂಗ್ಲಿಕನ್ ಬಿಷಪರು ಬಹುಪತ್ನೀಕನಿಗೆ ದೀಕ್ಷಾಸ್ನಾನವೇ ಸಲ್ಲದೆಂದರು. 1988ರ ಸಮ್ಮೇಳನ ಅದನ್ನು ಸಡಿಲಿಸಿತು. ಹೊರಹಾಕಲ್ಪಡುವ ಹೆಂಡತಿಯ ಗತಿಯೇನು ಎಂಬ ಚಿಂತೆ ಈ ಸಡಿಲಿಕೆಯ ಹಿಂದೆ ಇತ್ತು.

4

ಕಲ್ಕತ್ತದ ತೀರ್ಮಾನವಾದ 1834ರಲ್ಲೇ ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಅವರು ಬರುವ ಹೊತ್ತಿಗೆ ಕನ್ನಡದಲ್ಲಿ ಬೈಬಲು ಇತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಹಲವು ವರ್ಷ ದುಡಿದು ಸಿದ್ಧಪಡಿಸಿದ ಅನುವಾದ 1830ರ ದಶಕದ ಆರಂಭಕ್ಕೆ ಸಂಪೂರ್ಣವಾಗಿತ್ತು. ಮುಂದೆ ಗಾಟ್‌ಫ್ರೀಡ್ ವೈಗಲ್ ಮೊದಲಾದವರು ಪರಿಷ್ಕರಣದಲ್ಲಿ ಕೈಗೂಡಿಸಿದರು. ಹರ್ಮನ್ ಮೋಗ್ಲಿಂಗ್ ಪ್ರಾಚೀನ ಕನ್ನಡ ಕೃತಿಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚುಹಾಕಿಸಿದ್ದೂ ಇದೇ ಕಾಲದಲ್ಲಿ. ಹೀಗಾಗಿ ಬೈಬಲಿನ ಶಬ್ದಗಳು ಕನ್ನಡಕ್ಕೆ ಬಂದಾಗ ಅವು ಬರಿದಾದ ನೆಲಕ್ಕೆ ಬೀಳಲಿಲ್ಲ. ಮಧ್ಯಕಾಲೀನ ಕನ್ನಡವು ಆ ಶಬ್ದಗಳಲ್ಲಿ ತುಂಬಿಟ್ಟಿದ್ದ ಅರ್ಥಗಳೂ ಅವುಗಳೊಡನೆ ಸಭೆಯೊಳಕ್ಕೆ ಬಂದವು.

ಬಳಕೆಯಲ್ಲಿರುವ ಹಳೆಯ ಕನ್ನಡ ಬೈಬಲಿನಲ್ಲಿ ವ್ಯಭಿಚಾರ, ಜಾರತ್ವ, ಹಾದರ ಎಂಬ ಮೂರು ಶಬ್ದಗಳು ಕಾಣಿಸುತ್ತವೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಮೊಯಿಖೇಯ’ ಎಂದರೆ ದಾಂಪತ್ಯದ್ರೋಹ. ‘ಪೊರ್ನೇಯ’ ಎಂದರೆ ವಿವಾಹದ ಹೊರಗಿನ ಅನೈತಿಕ ಸಂಬಂಧಗಳೆಲ್ಲ. ಮೊದಲನೆಯದಕ್ಕೆ ಅನುವಾದಕರು ‘ವ್ಯಭಿಚಾರ’ವನ್ನು ಆರಿಸಿದರು, ಎರಡನೆಯದಕ್ಕೆ ಕೆಲವೆಡೆ ‘ಜಾರತ್ವ’, ಕೆಲವೆಡೆ ‘ಹಾದರ’ ಬಂತು. ಈ ಮೂರರ ಹಿನ್ನೆಲೆ ಒಂದೇ ಅಲ್ಲ.

‘ವ್ಯಭಿಚಾರ’ವು ಸಂಸ್ಕೃತದಲ್ಲಿ ಮೂಲತಃ ದಾರಿತಪ್ಪುವಿಕೆ, ನಿಯಮದಿಂದ ಜಾರುವಿಕೆ. ನ್ಯಾಯಶಾಸ್ತ್ರದಲ್ಲಿ ಅದು ಹೇತುದೋಷದ ಹೆಸರು. ಗೀತೆಯು ಭಕ್ತಿಗೆ ‘ಅವ್ಯಭಿಚಾರಿಣೀ’ ಎಂಬ ವಿಶೇಷಣವನ್ನು ಬಳಸುತ್ತದೆ. ಆದ್ದರಿಂದ ದಾಂಪತ್ಯಕ್ಕೂ ಭಕ್ತಿಗೂ ಸಲ್ಲುವ ಹೀಬ್ರೂ ರೂಪಕಕ್ಕೆ ಈ ಶಬ್ದ ಹೊಂದಿಕೊಂಡಿತು. ಆದರೆ ಮೋಶೆಯ ನ್ಯಾಯದ ಸಂಕುಚಿತ ಅರ್ಥಕ್ಕೆ ಇದಕ್ಕಿಂತ ಹತ್ತಿರವಾದ ಪದ ನಮ್ಮಲ್ಲಿತ್ತು. ಜೈನ ಶ್ರಾವಕಾಚಾರದ ‘ಪರದಾರನಿವೃತ್ತಿ’ಯಲ್ಲಿ ಬರುವ ‘ಪರದಾರ’, ಎಂದರೆ ಪರರ ಹೆಂಡತಿ ಎಂಬ ಪರಿಕಲ್ಪನೆ, ಧರ್ಮೋಪದೇಶಕಾಂಡದ ಎಲ್ಲೆಗೆ ಸರಿಯಾಗಿ ಕೂಡುತ್ತದೆ. ‘ವ್ಯಭಿಚಾರ’ವನ್ನು ಆರಿಸಿದಾಗ ಅಪರಾಧವು ಒಬ್ಬ ಗಂಡಸಿನ ಹಕ್ಕಿನ ಉಲ್ಲಂಘನೆ ಎಂಬ ಅಂಶ ಮರೆಯಾಯಿತು, ದಾರಿತಪ್ಪಿದ ವ್ಯಕ್ತಿಯ ಚಾರಿತ್ರ್ಯ ಮುಂದೆ ಬಂತು. ಕನ್ನಡದ ಲೋಕರೂಢಿಯಲ್ಲಿ ಆ ವ್ಯಕ್ತಿ ಹೆಚ್ಚಾಗಿ ಸ್ತ್ರೀ.

‘ಜಾರ’ನ ಕಥೆ ಬೇರೆ. ಹರಿದಾಸರ ಲೋಕದಲ್ಲಿ ಕೃಷ್ಣನೇ ಜಾರನೂ ಚೋರನೂ ಆಗಿದ್ದಾನೆ. ಭಕ್ತನ ಬಾಯಲ್ಲಿ ಅದು ಬೈಗುಳವೂ ಹೌದು, ಸಲಿಗೆಯ ಸ್ತುತಿಯೂ ಹೌದು. ಸುವಾರ್ತೆಯ ಕಠಿಣ ಪಾಪಪಟ್ಟಿಗಳಲ್ಲಿ ಈ ಶಬ್ದವನ್ನು ಓದಿದ ವೈಷ್ಣವ ಕಿವಿಗೆ ಅಲ್ಲಿ ಯಾವ ದನಿ ಕೇಳಿಸಿರಬಹುದು ಎಂಬುದು ವಿಚಾರಾರ್ಹ.

‘ಹಾದರ’ವು ಹಳಗನ್ನಡದ ‘ಪಾದರ’, ಅಚ್ಚಗನ್ನಡದ ನಾಣ್ಯ. ಬಸವಣ್ಣನವರು ಒಂದು ವಚನದಲ್ಲಿ ನಂಬಿದ ಹೆಂಡತಿಗೆ ಗಂಡನೊಬ್ಬನಿರುವಂತೆ ಭಕ್ತನಿಗೆ ದೇವನೊಬ್ಬನೇ ಎಂದು ಹೇಳಿ, ಅನ್ಯದೈವದ ಸಂಗವನ್ನು ಈ ಶಬ್ದದಿಂದಲೇ ಖಂಡಿಸುತ್ತಾರೆ. ಹೋಶೇಯನ ರೂಪಕವು ಯಾವ ಸಂಪರ್ಕವೂ ಇಲ್ಲದೆ 12ನೆಯ ಶತಮಾನದ ಕನ್ನಡದಲ್ಲಿ ಆಗಲೇ ಸಿದ್ಧವಾಗಿತ್ತು. ಮಿಷನರಿಗಳು ತಮ್ಮ ಏಕದೇವನಿಷ್ಠೆಯನ್ನು ಕನ್ನಡಕ್ಕೆ ಹೊಸದಾಗಿ ಕಲಿಸಿದರೆಂಬ ಮಾತನ್ನು ಈ ಒಂದು ಶಬ್ದವೇ ಪ್ರಶ್ನಿಸುತ್ತದೆ.

ಸಂಕಲ್ಪದ ಪಾಪವೂ ಕನ್ನಡಕ್ಕೆ ಅಪರಿಚಿತವಲ್ಲ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಮಾವಟಿಗನಿಗೆ ಮನಸೋಲುತ್ತಾಳೆ. ಓದುಗರ ನೆನಪಿನಲ್ಲಿ ಉಳಿಯುವುದು ಆ ಹಾದರ. ಆದರೆ ಕಾವ್ಯದ ತಾತ್ತ್ವಿಕ ಕೇಂದ್ರದಲ್ಲಿರುವುದು ಯಶೋಧರನು ಬಲಿಕೊಟ್ಟ ಹಿಟ್ಟಿನ ಕೋಳಿ. ಜೀವವಿಲ್ಲದ ಕೋಳಿಯನ್ನು ಕೊಲ್ಲುವ ಸಂಕಲ್ಪದಿಂದ ಕಡಿದುದಕ್ಕಾಗಿ ತಾಯಿಮಕ್ಕಳು ಜನ್ಮಜನ್ಮಾಂತರ ಅಲೆಯುತ್ತಾರೆ. ನೋಟದಲ್ಲೇ ವ್ಯಭಿಚಾರವಾಗಿಹೋಯಿತೆಂಬ ಸುವಾರ್ತೆಯ ಮಾತಿಗೂ ಸಂಕಲ್ಪದಲ್ಲೇ ಹಿಂಸೆಯಾಗಿಹೋಯಿತೆಂಬ ಜೈನಕವಿಯ ನಿಲುವಿಗೂ ತರ್ಕ ಒಂದೇ. ಒಂದು ಅದನ್ನು ಕಾಮಕ್ಕೆ ಹಚ್ಚಿತು, ಇನ್ನೊಂದು ಹಿಂಸೆಗೆ.

5

ಭಾಷೆಯಲ್ಲಿ ಇಷ್ಟು ಸಿದ್ಧತೆಯಿದ್ದರೂ ಸಮಾಜದಲ್ಲಿ ಎದುರಾದ ಸಮಸ್ಯೆಗೆ ಶಬ್ದಕೋಶ ಸಾಲದಾಯಿತು. ಬಾಸೆಲ್ ಮಿಷನ್ನಿನ ತುಳುನಾಡಿನ ಸಭೆಗಳಿಗೆ ಬಂದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಬಿಲ್ಲವರೂ ಬಂಟರೂ ಅಳಿಯಸಂತಾನ ಕಟ್ಟಿನವರು. ಇಲ್ಲಿ ಬರಿ ಅಥವಾ ಬಳಿ ತಾಯಿಯಿಂದ ಬರುತ್ತದೆ. ಆಸ್ತಿ ತಾಯಿಯ ಕುಟುಂಬದ್ದು. ಗಂಡಸಿನ ವಾರಸುದಾರರು ಅವನ ಅಕ್ಕತಂಗಿಯರ ಮಕ್ಕಳು. ಮದುವೆ ಸಡಗರದಿಂದಲೇ ನಡೆಯುತ್ತಿತ್ತು. ಕನ್ಯೆಗೆ ಕೈದಾರೆ, ವಿಧವೆಗೆ ಬುಡುದಾರೆ ಎಂಬ ಪ್ರತ್ಯೇಕ ವಿಧಿಗಳಿದ್ದವು. ಸಂಬಂಧ ಮುರಿದರೆ ಸ್ತ್ರೀಗೆ ತಾಯಿಮನೆಯ ಆಸರೆ ತಪ್ಪುತ್ತಿರಲಿಲ್ಲ, ಮತ್ತೆ ಕೈಹಿಡಿಯುವುದಕ್ಕೆ ಅಡ್ಡಿಯೂ ಇರಲಿಲ್ಲ.

ಇದನ್ನು ನೀತಿರಹಿತ ಸಮಾಜವೆಂದು ಭಾವಿಸುವುದು ತಪ್ಪು. ನೀತಿ ಬೇರೊಂದು ಕಡೆ ಬಿಗಿಯಾಗಿತ್ತು. ಒಂದೇ ಬರಿಯವರ ನಡುವಣ ಸಂಬಂಧ ಇಲ್ಲಿ ಮಹಾಪಾತಕ. ಒಂದು ನಿದರ್ಶನವನ್ನು ಗಮನಿಸಬಹುದು. ಘಟ್ಟದ ಮೇಲಿನ ಅನೇಕ ಕನ್ನಡ ಸಮುದಾಯಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ರೂಢಿಯ, ಎಷ್ಟೋ ಸಲ ಮೊದಲ ಆಯ್ಕೆಯ ಮದುವೆ. ತುಳುನಾಡಿನ ಅಳಿಯಸಂತಾನದವರಿಗೆ ಅಕ್ಕನ ಮಗಳು ತನ್ನದೇ ಬರಿಯವಳು. ಆ ಮದುವೆ ಊಹೆಗೂ ನಿಲುಕದ್ದು. ಯಾಜಕಕಾಂಡದ 18ನೆಯ ಅಧ್ಯಾಯ ಅತ್ತೆ, ಚಿಕ್ಕಮ್ಮಂದಿರನ್ನು ಹೆಸರಿಸಿ ನಿಷೇಧಿಸುತ್ತದೆ, ಅಕ್ಕನ ಮಗಳನ್ನು ಹೆಸರಿಸುವುದಿಲ್ಲ. ಆದರೆ 1563ರಲ್ಲಿ ಆರ್ಚ್‌ಬಿಷಪ್ ಪಾರ್ಕರ್ ಸಿದ್ಧಪಡಿಸಿದ ಇಂಗ್ಲೆಂಡಿನ ಸಭೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಅವಳಿದ್ದಾಳೆ. ಸೋದರಮಾವನ ಮಗಳು ಯಾಜಕಕಾಂಡದಲ್ಲೂ ಇಲ್ಲ, ಪಾರ್ಕರನ ಪಟ್ಟಿಯಲ್ಲೂ ಇಲ್ಲ. ಕೆಥೋಲಿಕರಲ್ಲಿ ಮಾತ್ರ ಅವಳನ್ನು ಮದುವೆಯಾಗಲು ವಿಶೇಷ ಅನುಮತಿ ಬೇಕು. ಒಂದೇ ನಂಟು ಒಂದು ಕಡೆ ಪ್ರಶಸ್ತ, ಇನ್ನೊಂದು ಕಡೆ ಪಾತಕ, ಮತ್ತೊಂದು ಕಡೆ ಅನುಮತಿಗೆ ಕಾಯಬೇಕಾದ ಅರ್ಜಿ. ಅಗಮ್ಯಗಮನದಂಥ, ಎಲ್ಲರೂ ಸಹಜವೆಂದು ತಿಳಿಯುವ ನಿಷೇಧಕ್ಕೇ ಈ ಪಾಡಾದರೆ ಉಳಿದ ನಿಷೇಧಗಳ ಮಾತೇನು?

ವಸಾಹತು ನ್ಯಾಯಾಲಯಗಳು ಅಳಿಯಸಂತಾನವನ್ನು ಆಸ್ತಿಯ ಕಟ್ಟಾಗಿ ಮಾನ್ಯ ಮಾಡಿದವು, ವಿವಾಹದ ಕಟ್ಟಾಗಿ ಮಾಡಲಿಲ್ಲ. 1880ರ ದಶಕದ ಆರಂಭದಲ್ಲಿ ಮದರಾಸು ಹೈಕೋರ್ಟು, ಅಳಿಯಸಂತಾನದ ಸ್ತ್ರೀಪುರುಷ ಸಂಬಂಧವು ದಂಡಸಂಹಿತೆ ರಕ್ಷಿಸುವ ಅರ್ಥದ ವಿವಾಹವಲ್ಲವೆಂಬ ನಿಲುವು ತಳೆಯಿತು. ಅಂದ ಮೇಲೆ ಅಲ್ಲಿ ಕಾನೂನಿನ ಅರ್ಥದ ವ್ಯಭಿಚಾರವೂ ಸಾಧ್ಯವಿರಲಿಲ್ಲ. ಊರೇ ಸೇರಿ ಧಾರೆಯೆರೆದ ಮದುವೆಗೆ ಕಾನೂನಿನ ಸ್ಪಷ್ಟ ಮನ್ನಣೆ ದೊರೆಯಲು 1949ರ ಮದರಾಸು ಅಳಿಯಸಂತಾನ ಕಾಯಿದೆಯವರೆಗೆ ಕಾಯಬೇಕಾಯಿತು.

ಈ ಹಿನ್ನೆಲೆಯಲ್ಲಿ ಮತಾಂತರಗೊಂಡ ಸ್ತ್ರೀಯ ಸ್ಥಿತಿಯನ್ನು ಪರಿಶೀಲಿಸಬೇಕು. ಸಭೆಯು ಅವಳ ಮದುವೆಯನ್ನು ದಾಖಲೆಯಲ್ಲಿ ಬರೆಯಿತು, ಗಂಡನ ಮನೆಯನ್ನು ಅವಳ ಮನೆಯಾಗಿಸಿತು, ಅವಳನ್ನು ಕಾನೂನಿನ ಕಣ್ಣಿಗೆ ಪತ್ನಿಯನ್ನಾಗಿ ಮಾಡಿತು. ಗಂಡ ತಪ್ಪಿ ನಡೆದರೆ ಅವನನ್ನೂ ಪ್ರಭುಭೋಜನದಿಂದ ದೂರವಿರಿಸುವ ಶಿಸ್ತು ಸಭೆಯಲ್ಲಿತ್ತು. ಇದು ಅಲ್ಪ ಸಂಗತಿಯಲ್ಲ. 1865ರ ಉತ್ತರಾಧಿಕಾರ ಕಾಯಿದೆ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಕೊಟ್ಟಿತು, ವಿಧವೆಗೂ ಭಾಗವಿಟ್ಟಿತು. ಆದರೆ ಹಿಂದಿನ ವ್ಯವಸ್ಥೆಯಲ್ಲಿದ್ದ ಎರಡು ವಸ್ತುಗಳನ್ನು ಅವಳು ಕಳೆದುಕೊಂಡಳು: ಹಿಂತಿರುಗಲು ತಾಯಿಯ ಕುಟುಂಬ, ಹೊರಬರಲು ದಾರಿ. ಜಾತಿಯಿಂದ ಹೊರಬಂದ ಕುಟುಂಬಗಳು ಮಿಷನ್ನಿನ ಆವರಣದಲ್ಲಿ ನೆಲೆಸಿ, ನೇಯ್ಗೆಯ ಶಾಲೆಗಳಲ್ಲೂ 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯಲ್ಲೂ ದುಡಿದವು. ವಸತಿ, ದುಡಿಮೆ, ಸಭೆ ಒಂದೇ ಆವರಣದಲ್ಲಿದ್ದಾಗ ಸಭೆಯ ಶಿಸ್ತಿನ ಹೊರಗೆ ನಿಲ್ಲುವ ಜಾಗ ಯಾರಿಗೂ ಸುಲಭವಾಗಿ ಉಳಿಯುವುದಿಲ್ಲ.

ಹೊರಬರುವ ದಾರಿಯ ಪ್ರಶ್ನೆಗೆ ಸರ್ಕಾರವು ಒಂದು ಭಾಗಶಃ ಉತ್ತರ ಕೊಟ್ಟಿತು. ಕ್ರೈಸ್ತನಾದವನೊಡನೆ ಬಾಳಲು ಗಂಡ ಅಥವಾ ಹೆಂಡತಿ ಧರ್ಮದ ಕಾರಣದಿಂದ ನಿರಾಕರಿಸಿದರೆ, ವಿಚಾರಣೆ ಮತ್ತು ಒಂದು ವರ್ಷದ ಕಾಯುವಿಕೆಯ ಬಳಿಕ ಆ ವಿವಾಹವನ್ನು ರದ್ದುಗೊಳಿಸುವ ಕಾಯಿದೆ ಹೆನ್ರಿ ಮೇನನ ಮುಂದಾಳತ್ವದಲ್ಲಿ 1866ರಲ್ಲಿ ಬಂತು. ಅದರ ಬೇರು ಪೌಲನ ಕೊರಿಂಥ ಪತ್ರಿಕೆಯ 7ನೆಯ ಅಧ್ಯಾಯದಲ್ಲಿದೆ. ಆದರೆ ಗಂಡಹೆಂಡಿರಿಬ್ಬರೂ ಕ್ರೈಸ್ತರಾಗಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಅವರಿಗಾಗಿ ಮೂರು ವರ್ಷಗಳ ತರುವಾಯ ಬೇರೊಂದು ಕಾಯಿದೆ ಬಂತು.

6

1869ರ ಭಾರತೀಯ ವಿಚ್ಛೇದನ ಕಾಯಿದೆ 1857ರ ಇಂಗ್ಲೆಂಡಿನ ಕಾಯಿದೆಯ ಮಾದರಿಯದು. ಅದರ 10ನೆಯ ಕಲಮಿನಂತೆ ಗಂಡನಿಗೆ ವಿಚ್ಛೇದನ ಬೇಕಾದರೆ ಹೆಂಡತಿಯ ವ್ಯಭಿಚಾರವನ್ನು ಸಾಬೀತುಪಡಿಸಿದರೆ ಸಾಕು. ಹೆಂಡತಿಗೆ ಗಂಡನ ವ್ಯಭಿಚಾರ ಮಾತ್ರ ಸಾಲದು. ಅದರ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಮೇಲ್ಪಟ್ಟ ಪರಿತ್ಯಾಗವನ್ನೋ ಸಾಬೀತುಪಡಿಸಬೇಕು, ಇಲ್ಲವೆ ನಿಷಿದ್ಧ ನಂಟಿನಲ್ಲಿ ನಡೆದ ವ್ಯಭಿಚಾರದಂಥ ಘೋರತರ ಕಾರಣವನ್ನು ತೋರಿಸಬೇಕು. ಹೆಂಡತಿಯನ್ನು ಕೂಡಿದವನಿಂದ ಗಂಡನು ನಷ್ಟಪರಿಹಾರ ಕೇಳಬಹುದಿತ್ತು. ತಪ್ಪಿದ ಹೆಂಡತಿಯ ಆಸ್ತಿಯನ್ನು ಗಂಡನ ಅಥವಾ ಮಕ್ಕಳ ಹಿತಕ್ಕೆ ವಿನಿಯೋಗಿಸುವ ಅವಕಾಶ ನ್ಯಾಯಾಲಯಕ್ಕಿತ್ತು. ಕ್ರೈಸ್ತರ ಕಾಯಿದೆಯೆಂದು ಕರೆಸಿಕೊಂಡ ಇದರಲ್ಲಿ ಮಾರ್ಕನ 10ನೆಯ ಅಧ್ಯಾಯದ ನೆರಳೂ ಇಲ್ಲ. ಹೆಂಡತಿಗೂ ದ್ರೋಹವಾಗಬಲ್ಲದೆಂಬ ಯೇಸುವಿನ ಮಾತನ್ನು ದಾಟಿ ಅದು ಧರ್ಮೋಪದೇಶಕಾಂಡದ ಹಕ್ಕಿನ ಲೆಕ್ಕಕ್ಕೆ ಹಿಂತಿರುಗಿತ್ತು.

ಇಂಗ್ಲೆಂಡು 1923ರಲ್ಲಿ ಈ ತಾರತಮ್ಯವನ್ನು ಕೈಬಿಟ್ಟಿತು. ಭಾರತದ ಕ್ರೈಸ್ತ ಸ್ತ್ರೀಯರಿಗೆ ಅದು ಮುಂದುವರಿಯಿತು. 1995ರಲ್ಲಿ ಕೇರಳ ಹೈಕೋರ್ಟೂ 1997ರಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠವೂ ಸಂವಿಧಾನದ ಸಮಾನತೆಯ ಆಧಾರದಿಂದ 10ನೆಯ ಕಲಮಿನ ಆ ಭಾಗಗಳನ್ನು ತೆಗೆದುಹಾಕಿ, ಕ್ರೌರ್ಯವಾಗಲಿ ಪರಿತ್ಯಾಗವಾಗಲಿ ಸ್ವತಂತ್ರ ಕಾರಣವಾಗಬಹುದೆಂದು ತೀರ್ಪಿತ್ತವು. 2001ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿ ಗಂಡಹೆಂಡಿರಿಗೆ ಸಮಾನ ಕಾರಣಗಳನ್ನು ಕೊಟ್ಟಿತು. ನಷ್ಟಪರಿಹಾರದ ಮತ್ತು ತಪ್ಪಿದವಳ ಆಸ್ತಿಯ ಕಲಮುಗಳನ್ನು ಕಿತ್ತುಹಾಕಿತು. 132 ವರ್ಷಗಳ ಬಳಿಕ ಸುವಾರ್ತೆಯ ಸಮಾನತೆ ಕ್ರೈಸ್ತರ ಕಾನೂನಿನೊಳಕ್ಕೆ ಬಂದದ್ದು ಸಂವಿಧಾನದ ಬಾಗಿಲಿನಿಂದ.

ಇದೇ ಸಾಲಿನಲ್ಲಿ ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. 1860ರ ದಂಡಸಂಹಿತೆಯ 497ನೆಯ ಕಲಮು ಪರರ ಹೆಂಡತಿಯನ್ನು ಗಂಡನ ಸಮ್ಮತಿಯಿಲ್ಲದೆ ಕೂಡಿದ ಗಂಡಸನ್ನು ದಂಡಿಸುತ್ತಿತ್ತು. ಗಂಡನ ಸಮ್ಮತಿಯಿದ್ದರೆ ಅಪರಾಧವೇ ಇಲ್ಲ. ಹೆಂಡತಿಗೆ ದೂರುವ ಹಕ್ಕೂ ಇಲ್ಲ. ಇದು ಶುದ್ಧ ‘ಪರದಾರ’ದ ಕಲ್ಪನೆ. 2018ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಅಸಾಂವಿಧಾನಿಕವೆಂದಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಅಪರಾಧ ಇಲ್ಲ. ವ್ಯಭಿಚಾರವು ಸಭೆಗೆ ಇಂದಿಗೂ ಪಾಪ, ವಿಚ್ಛೇದನಕ್ಕೆ ಇಂದಿಗೂ ಕಾರಣ. ಆದರೆ ಸೆರೆಮನೆಯ ವಿಷಯವಲ್ಲ.

7

1957ರಲ್ಲಿ ಬೃಹನ್ಮುಂಬಯಿಯ ಎಲ್ಲೆ ದಹಿಸರಿನವರೆಗೆ ಚಾಚಿತು. ಕರಾವಳಿಯಿಂದ ವಲಸೆ ಬಂದ ತುಳು, ಕನ್ನಡ, ಕೊಂಕಣಿ ಕುಟುಂಬಗಳು ಈ ಉಪನಗರಗಳಲ್ಲಿ ನೆಲೆಸಿವೆ. ಕನ್ನಡ ಲಿಪಿಯಲ್ಲಿ ಕೊಂಕಣಿ ಪ್ರಾರ್ಥನಾಪುಸ್ತಕವನ್ನು ಓದುವ ಮಂಗಳೂರಿನ ಕೆಥೋಲಿಕರೂ ಕನ್ನಡ ಬೈಬಲನ್ನು ತಂದ ಪ್ರಾಟೆಸ್ಟೆಂಟರೂ ಅಳಿಯಸಂತಾನದ ಹಿನ್ನೆಲೆಯ ಬಂಟರೂ ಬಿಲ್ಲವರೂ ಇಲ್ಲಿ ನೆರೆಹೊರೆಯವರು. ನಾವು ಮೇಲೆ ವಿವರಿಸಿದ ವಿವಾಹದ ವ್ಯಾಖ್ಯಾನಗಳೆಲ್ಲ ಹೀಗೆ ಒಂದೇ ಓಣಿಯ ಮನೆತನಗಳ ನೆನಪಿನಲ್ಲಿವೆ.

ನಮ್ಮ ಚರ್ಚೆಯಿಂದ ಎರಡು ಸರಳ ತೀರ್ಮಾನಗಳು ನಿಲ್ಲಲಾರವೆಂದು ತೋರುತ್ತದೆ. ಕ್ರೈಸ್ತ ಧರ್ಮವು ನೀತಿಯಿಲ್ಲದೆಡೆಗೆ ನೀತಿಯನ್ನು ತಂದಿತೆಂಬ ಮಿಷನರಿ ವರದಿಗಳ ಮಾತು ಒಂದು. ಸ್ವತಂತ್ರಳಾಗಿದ್ದ ಸ್ತ್ರೀಯನ್ನು ಅದು ಬಂಧನಕ್ಕೆ ತಳ್ಳಿತೆಂಬ ಈಚಿನ ಮಾತು ಇನ್ನೊಂದು. ತುಳುನಾಡಿನ ಸ್ತ್ರೀಯು ಮತಾಂತರದಲ್ಲಿ ಪತ್ನಿಯ ಸ್ಥಾನವನ್ನೂ ಮಗಳ ಪಾಲನ್ನೂ ಪಡೆದಳು. ಕುಟುಂಬದ ಆಸರೆಯನ್ನೂ ಬಿಡುಗಡೆಯ ದಾರಿಯನ್ನೂ ಕಳೆದುಕೊಂಡಳು. ಬೈಬಲು ಅವಳಿಗೆ ಕೊಟ್ಟ ಸಮಾನತೆಯನ್ನು ಅದೇ ಬೈಬಲಿನ ಹೆಸರಿನ ಕಾಯಿದೆ ಒಂದು ಶತಮಾನಕ್ಕೂ ಮಿಕ್ಕಿ ತಡೆಹಿಡಿಯಿತು.

ಈ ಲೆಕ್ಕವನ್ನು ನಿಖರವಾಗಿ ಬರೆಯಲು ಬೇಕಾದ ಸಾಮಗ್ರಿ ಚದುರಿಹೋಗಿದೆ. ಬಾಸೆಲ್‌ನಲ್ಲಿರುವ ಮಿಷನ್ನಿನ ದಾಖಲಾಲಯ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹ, ಹಳೆಯ ಇಗರ್ಜಿಗಳ ವಿವಾಹ ದಾಖಲೆಗಳು, ಮದರಾಸಿನ ಮತ್ತು ಮುಂಬಯಿಯ ನ್ಯಾಯಾಲಯಗಳ ವರದಿಗಳು ಒಂದೆಡೆ ಕೂಡಿ ಓದಲ್ಪಟ್ಟಿಲ್ಲ. ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ಇಲ್ಲಿ ಒಂದು ಅನುಕೂಲವಿದೆ: ಈ ದಾಖಲೆಗಳಲ್ಲಿ ಬಹಳಷ್ಟು ಕರ್ನಾಟಕದ ಹೊರಗೇ ಇವೆ. ಅವುಗಳನ್ನು ಓದುವಾಗ ಪಾಪದ ಕಲಮಿಗಿಂತ ಮೊದಲು ವಿವಾಹದ ಕಲಮನ್ನು ನೋಡುವುದು ಒಳಿತು. ಯಾರನ್ನು ಹೆಂಡತಿಯೆಂದು ಬರೆಯಲಾಗಿದೆ, ಯಾರನ್ನು ಬರೆಯದೆ ಬಿಡಲಾಗಿದೆ ಎಂಬುದು ಅಲ್ಲಿ ತಿಳಿಯುತ್ತದೆ.